ಹೇಳಿಕೊಟ್ಟ ಪದ

ಫಾಲ್ ರಿವರಿನಲ್ಲಿ ಗುರುವಾರ ಸಂಜೆ ಐದೂವರೆಗೆ
ಹಳೇ ಹತ್ತಿಗಿರಣಿಯ ಮೂರನೇ ಮಹಡಿಯಲ್ಲಿ ನಮ್ಮ ಕ್ಲಾಸು.
ಬೂದುಗಲ್ಲಿನ ಗೋಡೆ. ಮಗ್ಗ ಬಿಚ್ಚಿಕೊಂಡು ಹೋದ ಬೋಲ್ಟಿನ ತೂತುಗಳು
ನೆಲದಲ್ಲಿ ಹಾಗೇ ಇವೆ; ನನ್ನ ಕುರ್ಚಿಯ ಒಂದು ಕಾಲು
ವಾರವಾರವೂ ಅದರಲ್ಲೇ ಇಳಿಯುತ್ತದೆ.

ನಾವು ಹನ್ನೊಂದು ಜನ. ಎಲ್ಲರೂ ಆಗಲೇ ಟೀಚರುಗಳು,
ಹಗಲೆಲ್ಲ ಮಕ್ಕಳ ಮೂಗೊರೆಸಿ ಬಂದವರು.
ಬ್ರೆಂಡಾ ಕಾಬ್ರಾಲ್‌ಗೆ ಇಪ್ಪತ್ತಾರು ವರ್ಷ ಸರ್ವಿಸು.
ಅವಳಜ್ಜಿಯ ಕೈಯಳತೆಯ ಮಲಸಾಡ ಕರಿದು ತರುತ್ತಾಳೆ,
ಸಕ್ಕರೆ ಮೆತ್ತಿದ ಬೆರಳಲ್ಲೇ ನೋಟ್ಸು.

ಮೊದಲ ವಾರ ಪ್ರೊಫೆಸರ್ ಹಾಲೋರನ್ ಕೇಳಿದ್ದು ಇಷ್ಟೇ:
ಬಾಕ್ಸ್ ಅನ್ನುವ ಪದದಲ್ಲಿ ಎಷ್ಟು ಸದ್ದು?
ಮೂರು, ಅಂದರು ಎಲ್ಲ. ಅಕ್ಷರ ಮೂರಲ್ಲವೇ.
ನಾಲ್ಕು, ಅಂದೆ. ಅದೇನು ಜಾಣತನವಲ್ಲ,
ದಾವಣಗೆರೆಯ ಸ್ಲೇಟಿನ ಮೇಲೆ ಕಕಾರಕ್ಕೆ ಸಕಾರದ ಒತ್ತು ಕೊಟ್ಟ ಕೈ,
ಬಾಯಿಗಿಂತ ಮುಂಚೆ ಎಣಿಸಿತ್ತು.
ಆದರೆ ನೈಫ್‌ನ ಮೊದಲಿಗೆ ಬಾಯಿ ಮುಚ್ಚಿ ಕೂತ ಆ ಕೆ?
ಪಂಕ್ತಿಯಲ್ಲಿ ಕೂತು ಊಟ ಬೇಡ ಅನ್ನುವ ನೆಂಟ.
ಅವನನ್ನು ಏನು ಮಾಡಬೇಕೋ ನನಗೆ ಇನ್ನೂ ಗೊತ್ತಿಲ್ಲ.

ಆಮೇಲೆ ಗುರುತು ಹಾಕುವುದು ಕಲಿತೆವು.
ಮಗು ಓದುತ್ತದೆ, ನಾವು ಬರೆಯುತ್ತೇವೆ.
ಸರಿಯಾದ ಪದಕ್ಕೊಂದು ರೈಟು.
ತಪ್ಪಿದರೆ ಅದು ಅಂದದ್ದು ಮೇಲೆ, ಪುಸ್ತಕದ್ದು ಕೆಳಗೆ,
ನಡುವೆ ಗೆರೆ, ಭಿನ್ನರಾಶಿಯ ಹಾಗೆ.
ಹೌಸ್ ಇದ್ದಲ್ಲಿ ಹೋಮ್ ಅಂದಿತೋ,
ತಪ್ಪು ಅನ್ನಬೇಡಿ, ಅಂದರು ಹಾಲೋರನ್,
ಅದಕ್ಕೆ ಅರ್ಥ ಗೊತ್ತು, ಮೊದಲಕ್ಷರ ಗೊತ್ತು,
ಕಣ್ಣು ಪದದ ಹೊಟ್ಟೆಗೆ ಇಳಿದಿಲ್ಲ, ಅಷ್ಟೆ.
ಹತ್ತೊಂಬತ್ತು ವರ್ಷದಲ್ಲಿ ಕೆಂಪು ಇಂಕಿನಿಂದ ಹೊಡೆದುಹಾಕಿದ
ಹೋಮ್‌ಗಳೆಷ್ಟು ಅಂತ ಲೆಕ್ಕ ಹಾಕುತ್ತಾ
ಅವತ್ತು ಸೇತುವೆಯ ತಿರುವು ತಪ್ಪಿಸಿಕೊಂಡೆ.

ನವೆಂಬರಿನಲ್ಲಿ ನನ್ನ ಸರದಿ, ಗಾಜಿನ ಕೋಣೆಗೆ.
ಆ ಕಡೆ ಹತ್ತು ಜನ ಕತ್ತಲಲ್ಲಿ ಕೂತು ನಮ್ಮನ್ನು ನೋಡುತ್ತಾರೆ;
ಈ ಕಡೆ ನಮಗೆ ನಮ್ಮದೇ ಮುಖ.
ನೂನೋಗೆ ಏಳು ವರ್ಷ. ಮುಂದಿನ ಹಲ್ಲೆರಡು ಇಲ್ಲ.
ಗಾಜಿಗೆ ಮೂಗು ಒತ್ತಿ ಕೇಳಿದ:
"ಹಿಂದೆ ಯಾರಿದಾರೆ?"
"ಟೀಚರುಗಳು. ಓದಿಸೋದು ಕಲೀತಿದಾರೆ."
"ಅಷ್ಟು ದೊಡ್ಡೋರಾದ್ರೂ ಬರಲ್ವಾ?"
ಬ್ರೆಂಡಾಳ ನಗು ಗೋಡೆ ದಾಟಿ ಬಂತು.

ಓದಿದ. ನಾಯಿ ಓಡಿತು. ರೈಟು ರೈಟು ರೈಟು.
ವಾಸ್ ಇದ್ದಲ್ಲಿ ಸಾ ಅಂದ, ಹಿಂದಿರುಗಿದ, ತಾನೇ ತಿದ್ದಿಕೊಂಡ;
ನನ್ನ ಪೆನ್ಸಿಲಿಗೆ ಪುಳಕ.
ಆಮೇಲೆ ಪುಟ ಆರು. ಥ್ರೂ.
ನಿಂತ.
ಆ ಪದದಲ್ಲಿ ಅರ್ಧ ಅಕ್ಷರಗಳಿಗೆ ಕೆಲಸವೇ ಇಲ್ಲ.
ಅದರ ಕೆಳಗೆ ಅವನ ಬೆರಳು,
ಗಡಿಯಾರ, ಗಾಜು, ನನ್ನ ಮುಖ, ಕಾಣದ ಹತ್ತು ಜನ.
"ಥ್ರೂ," ಅಂದುಬಿಟ್ಟೆ.
"ಥ್ರೂ," ಅಂದ ಅವನೂ, ಸಾಲ ವಾಪಸು ಕೊಟ್ಟ ಹಾಗೆ.
ಹಾಳೆಯಲ್ಲಿ ಟಿ ಬರೆದುಕೊಂಡೆ. ಹೇಳಿಕೊಟ್ಟದ್ದು ಅಂತ ಅರ್ಥ.

ದೀಪ ಹಾಕಿದ ಮೇಲೆ ಎಲ್ಲರೂ ಒಳ್ಳೇದನ್ನೇ ಹೇಳಿದರು.
ಬ್ರೆಂಡಾ ಮಾತ್ರ ಮಡಿಲಿನ ಸಕ್ಕರೆ ಕೊಡವುತ್ತಾ,
"ರೆಕಾರ್ಡಿಂಗು ಕೇಳು," ಅಂದಳು.

ಪಾರ್ಕಿಂಗಿನಲ್ಲಿ, ಕಾರು ಬೆಚ್ಚಗಾಗುವ ತನಕ, ಕೇಳಿದೆ.
ಪುಟ ಆರು. ಕೋಣೆಯಲ್ಲಿ ಒಂದು ಯುಗ ಅನಿಸಿದ ಮೌನ
ಫೋನಿನಲ್ಲಿ ಮೂರೇ ಸೆಕೆಂಡು.
ಮತ್ತೆ ಕೇಳಿದೆ. ಅದರ ಕೊನೆಗೆ, ನನ್ನ ದನಿಗೆ ಕೂದಲೆಳೆ ಮುಂಚೆ,
ಇಲ್ಲದ ಎರಡು ಹಲ್ಲಿನ ಸಂದಿಯಿಂದ
ಗಾಳಿ ಹೊರಟಿದೆ.
ಸ್ವರ ಇನ್ನೂ ಕೂಡಿಕೊಳ್ಳದ, ಬರೀ ಥ್.
ಅದರ ಮೇಲೆ ನಾನು ಕಾಲಿಟ್ಟಿದ್ದೇನೆ.

ಟಿ ಹೊಡೆದುಹಾಕಿದೆ. ಇದಕ್ಕೇನು ಗುರುತು ಅಂತ
ಪಾಠದಲ್ಲಿ ಇರಲಿಲ್ಲ.
ಗೆರೆ ಎಳೆದು, ಮೇಲೆ ನನ್ನ ಹೆಸರು ಬರೆದೆ, ಕೆಳಗೆ ಥ್.

ಇವತ್ತು ಸೋಮವಾರ. ಬೇರೆ ಪುಸ್ತಕ, ಬೇರೆ ಪದ.
ನೂನೋ ನಿಂತಿದ್ದಾನೆ.
ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ನಾನು
ಕೂತಿದ್ದೇನೆ.
ನಾಲ್ಕು. ಐದು.